ಸಾಣಾಪುರದ ಕೆರೆ ಸುತ್ತಿದ ಬೀಗರು

ಪ್ರಭುರಾಜರ ಸಂಕಟಕ್ಕೆಲ್ಲ ಮೂಲ ಅವರು ಫೋನಿನಲ್ಲಿ ಅಂದ ಒಂದೇ ಮಾತು: "ಆಗ್ಲಿ ಬಿಡ್ರಿ."

ಮಾತೇನೋ ಒಳ್ಳೆಯದೇ. ಆದರೆ ಗಂಗಾವತಿಯಲ್ಲಿ ಗೋಣಿಚೀಲದ ಅಂಗಡಿ ಇಟ್ಟಿರುವ ಪ್ರಭುರಾಜರು ಹುಟ್ಟಿದಾಗಿನಿಂದ ಅಂಥ ಮಾತು ಆಡಿದವರಲ್ಲ. ಯಾರು ಏನೇ ಹೇಳಲಿ, ಅದಕ್ಕೊಂದು ಅಡ್ಡ ಮಾತು ಹಾಕದಿದ್ದರೆ ಅವರಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಅಕ್ಕಿ ಗಿರಣಿಯವರು ಚೀಲದ ಹೊಲಿಗೆ ಸಡಿಲ ಎಂದರೆ, "ನಿಮ್ಮ ಅಕ್ಕೀನ ಸಣ್ಣ ಅದಾವ್ರಿ, ಚೀಲ ಏನು ಮಾಡೀತು?" ಎನ್ನುವರು. ಡಾಕ್ಟರು ಬಿ.ಪಿ. ಹೆಚ್ಚಾಗಿದೆ ಎಂದರೆ, "ಮೊದಲು ನಿಮ್ಮ ಮಷಿನ್ ಯಾವ ಕಾಲದ್ದು ನೋಡ್ರಿ" ಎನ್ನುವರು. ವ್ಯಾಪಾರದಲ್ಲಿ ಈ ಬಾಯಿ ಅವರನ್ನು ಬದುಕಿಸಿತ್ತು. ಮಗಳ ಮದುವೆಯ ಮಾತುಕತೆಯಲ್ಲಿ ಮಾತ್ರ ಎರಡು ಸಲ ಕೆಲಸ ಕೆಡಿಸಿತ್ತು.

ಮೊದಲ ಸಲ ಬಂದವರು ಸಿಂಧನೂರಿನವರು. ಮದುವೆ ಊಟಕ್ಕೆ ಬೂಂದಿ ಲಾಡು ಇರಲಿ ಎಂದರು. "ಗೋಧಿ ಹುಗ್ಗಿ ಇಲ್ಲದ ಅದೇನು ಲಗ್ನಾನ್ರಿ? ಲಾಡು ಹಂಚಿ ಕಳಿಸಾಕ ಅದೇನು ಸಾಲ್ಯಾಗಿನ ಝಂಡಾ ಏರಿಸೋ ಕಾರ್ಯಕ್ರಮ ಏನು?" ಎಂದರು ಪ್ರಭುರಾಜರು. ಸಿಂಧನೂರಿನವರು ಚಹಾ ಕುಡಿಯದೆ ಎದ್ದರು. ಎರಡನೆಯ ಸಲ ಯಲಬುರ್ಗಾದವರು. ಬ್ಯಾಂಡಿನವರು ಯಾವ ಊರಿನವರಿರಬೇಕು ಎಂಬಲ್ಲಿ ಶುರುವಾದದ್ದು ಯಾವ ಊರಿನವರಿಗೆ ಮರ್ಯಾದೆ ಇಲ್ಲ ಎಂಬಲ್ಲಿಗೆ ಬಂದು ಮುಗಿಯಿತು. ಅವರು ಎದ್ದ ಅವಸರಕ್ಕೆ ಒಬ್ಬರ ಚಪ್ಪಲಿ ಇಲ್ಲೇ ಉಳಿಯಿತು. ಕೇಳಲು ಯಾರೂ ಬರಲಿಲ್ಲ.

ಈಗ ಮೂರನೆಯದು, ಕುಷ್ಟಗಿಯದು. ದಾಳಿಂಬೆ ತೋಟದ ಗವಿಸಿದ್ದಪ್ಪನವರ ಮಗ ಸಿದ್ದಲಿಂಗೇಶ, ಕೃಷಿ ಇಲಾಖೆಯಲ್ಲಿ ನೌಕರಿ. ಹುಡುಗ ಹುಡುಗಿ ನೋಡಿಯಾಗಿತ್ತು, ಮಾತಾಡಿಯಾಗಿತ್ತು, ಮೆಚ್ಚಿಯೂ ಆಗಿತ್ತು. ಉಳಿದದ್ದು ಹಿರಿಯರ ಮಾತುಕತೆ ಒಂದೇ. ಕಾಲೇಜಿನಲ್ಲಿ ಗಣಿತ ಕಲಿಸುವ ವಾಣಿಶ್ರೀ ಒಂದು ರಾತ್ರಿ ಊಟದ ಹೊತ್ತಿಗೆ ತಾಯಿಯ ಮುಂದೆ, "ಯವ್ವಾ, ಇದೂ ಮುರದ್ರ ಮತ್ತ ಯಾರನ್ನೂ ಕರಸಬ್ಯಾಡ್ರಿ. ನನಗ ಲಗ್ನಾನ ಬ್ಯಾಡ" ಎಂದಳು. ಪಡಸಾಲೆಯಲ್ಲಿ ಕೂತಿದ್ದ ಪ್ರಭುರಾಜರಿಗೆ ಅದು ಕೇಳಿಸಿತು. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟುಬಿಟ್ಟರು. ಮಗಳೆಂದರೆ ಅವರಿಗೆ ಪ್ರಾಣ.

ಮರುದಿನ ಹೆಂಡತಿ ಶಿವಲೀಲಾ ಕಾನೂನು ಹೊರಡಿಸಿದಳು. "ಕುಷ್ಟಗ್ಯಾವರು ಏನ ಅನ್ಲಿ, ನೀವು 'ಆಗ್ಲಿ ಬಿಡ್ರಿ' ಅನ್ಬೇಕು. ಅದೊಂದ ಮಾತು. ಮುಂದ ಬಾಯಿ ತಗದ್ರ ನೋಡ್ರಿ ಮತ್ತ."

"ಅವರು ಹಗಲನ್ನ ರಾತ್ರಿ ಅಂದ್ರ?"

"ಚಿಮಣಿ ಹಚ್ಚಿ ಇಡ್ರಿ. ಇನ್ನೊಂದು ಮಾತು, ಗವಿಸಿದ್ದಪ್ಪನವರಿಗೆ ನಡಿಯೋ ಹುಚ್ಚು ಭಾಳಂತ. ಗುಡ್ಡ ಕಂಡ್ರ ಬಿಡೂದಿಲ್ಲಂತ. ಮನಷ್ಯಾ ಎಂಥಾಂವ ಅಂತ ಅಂವನ ನಡಿಗಿ ನೋಡೇ ಹೇಳ್ತಾರಂತ. ಅವರ ಮನಿಯವರು ವಿರೂಪಾಕ್ಷಮ್ಮಾರು ನನಗ ಫೋನಿನ್ಯಾಗ ಹೇಳಿದ್ರು."

ಪ್ರಭುರಾಜರು ತಮ್ಮ ಕಾಲು ನೋಡಿಕೊಂಡರು. ಅವರ ನಡಿಗೆ ಎಂದರೆ ಗಾದಿಯಿಂದ ಸ್ಕೂಟಿಗೆ, ಸ್ಕೂಟಿಯಿಂದ ಗಾದಿಗೆ. ಓಣಿಯ ತುದಿಯ ಕಿರಾಣಿ ಅಂಗಡಿಗೂ ಅವರು ಗಾಡಿ ಚಾಲೂ ಮಾಡುತ್ತಿದ್ದರು.

ಅದೇ ಸಂಜೆ ಫೋನ್ ಬಂತು. ಗವಿಸಿದ್ದಪ್ಪನವರು. "ಸಾವ್ಕಾರ್ರ, ಐತವಾರ ಎಲ್ಲಾರೂ ಬರ್ತೀವ್ರಿ. ಮತ್ತ... ನಾವಿಬ್ಬರು ಸಾಣಾಪುರದ ಕೆರಿ ಸುತ್ತ, ಗುಡ್ಡ ಏರಿ ಇಳದು, ಒಂದು ಸುತ್ತು ನಡದು ಬರೋಣ ಅಂತ..." ಎಂದು ದನಿ ಅರ್ಧಕ್ಕೆ ನಿಂತಿತು. ಸಾಣಾಪುರದ ಕೆರೆ ಸುತ್ತ ಎಂದರೆ ಸುಮ್ಮನೆ ಅಲ್ಲ, ಒಂದಿಡೀ ದಿನದ ದಾರಿ, ಅದೂ ಬಂಡೆಗಲ್ಲಿನ ಗುಡ್ಡ! ಪ್ರಭುರಾಜರ ನಾಲಿಗೆಯ ತುದಿಗೆ ಅಡ್ಡ ಮಾತು ಬಂದು ಕೂತಿತ್ತು. ಎದುರಿಗೆ ಶಿವಲೀಲಾ ನಿಂತಿದ್ದಳು, ಕಣ್ಣು ಮಿಟುಕಿಸದೆ.

"ಆಗ್ಲಿ ಬಿಡ್ರಿ" ಎಂದರು ಪ್ರಭುರಾಜರು.

ಆ ಕಡೆಯಿಂದ ಉದ್ದನೆಯ ಉಸಿರೊಂದು ಕೇಳಿಸಿತು. ಮನುಷ್ಯ ಸಂತೋಷದಿಂದ ಉಸಿರು ಬಿಟ್ಟ ಎಂದುಕೊಂಡು ಇವರು ಫೋನ್ ಇಟ್ಟರು.

ಸುದ್ದಿ ಮೊದಲು ಮುಟ್ಟಿದ್ದು ಪಕ್ಕದ ಹಗ್ಗದ ಅಂಗಡಿಯ ಮಕ್ಬುಲಸಾಬನಿಗೆ. ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಸಾವ್ಕಾರ್ರ, ನೀವು? ಗುಡ್ಡ? ನಿಮ್ಮನ್ನ ಜಗ್ಗಿ ಮ್ಯಾಲೆ ಏರಿಸೋವಷ್ಟು ದಪ್ಪ ಹಗ್ಗ ನನ್ನ ಅಂಗಡ್ಯಾಗ ಇಲ್ರಿ!"

"ನಗಬ್ಯಾಡೋ ಮಾರಾಯ. ಏನಾರ ದಾರಿ ಹೇಳು."

ಮಕ್ಬುಲಸಾಬ ಮನಸ್ಸಿನಲ್ಲಿ ಒಳ್ಳೆಯವನು. ಕ್ರಿಕೆಟ್ ಆಡುವ ತನ್ನ ಅಳಿಯ ಅಕ್ಬರನ ಬೂಟು ತಂದುಕೊಟ್ಟ. ಗಿಳಿಹಸಿರು ಬಣ್ಣ. ಪ್ರಭುರಾಜರ ಕಾಲಿಗೆ ಅದು ತೊಟ್ಟಿಲ ಹಾಗಿತ್ತು. ಹತ್ತಿ ತುಂಬಿದರೆ ಸರಿಹೋಗುತ್ತದೆ ಎಂದು ತಾನೇ ಹತ್ತಿಯನ್ನೂ ತುಂಬಿಕೊಟ್ಟ. "ಅಲ್ಲಿ ಕರಡಿ ಅದಾವ್ರಿ. ಎದುರಿಗೆ ಬಂದ್ರ ಉಸಿರು ಹಿಡದು ಸತ್ತವರಂಗ ಮಲಕ್ಕೋರಿ."

"ಅಲ್ಲಿತನ ಹೋಗೋದ್ರಾಗ ಉಸಿರು ಉಳದಿದ್ರಲ್ಲೇನೋ ಹಿಡಿಯೂದು!"

ಭಾನುವಾರ ಕುಷ್ಟಗಿಯ ಕಾರು ಬಂತು. ಗವಿಸಿದ್ದಪ್ಪನವರು ಇಳಿದದ್ದನ್ನು ನೋಡಿಯೇ ಪ್ರಭುರಾಜರ ಧೈರ್ಯ ಕುಸಿಯಿತು. ಎತ್ತರದ ಆಳು, ಒಣಗಿದ ಮೈ, ಉದ್ದನೆಯ ಕಾಲು, ಕೈಯಲ್ಲಿ ಬಿದಿರಿನ ಬಡಿಗೆ, ತಲೆಗೆ ಸುತ್ತಿದ ಟಾವೆಲ್ಲು. ಹುಟ್ಟುತ್ತಲೇ ನಡೆದುಕೊಂಡು ಬಂದವರ ಹಾಗಿದ್ದರು. ಅವರೂ ಪ್ರಭುರಾಜರ ಗಿಳಿಹಸಿರು ಬೂಟನ್ನು ಬಹಳ ಹೊತ್ತು ನೋಡಿದರು. ಇಂಥ ಬೂಟು ಹಾಕುವವನು ಸಾಮಾನ್ಯದವನಲ್ಲ ಎಂಬ ಹಾಗೆ ಗಂಟಲು ಸರಿಮಾಡಿಕೊಂಡರು.

"ನಾವು ಹೆಣ್ಮಕ್ಕಳು ಮನ್ಯಾಗ ಕುಂತು ನಾಕು ಮಾತಾಡ್ತೀವಿ. ನೀವು ಆರಾಮ ನಡದು ಬರ್ರಿ" ಎಂದು ವಿರೂಪಾಕ್ಷಮ್ಮ ಕಾರಿನಿಂದ ಇಳಿಯುತ್ತಲೇ ಹೇಳಿದರು. ಶಿವಲೀಲಾ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿದ ಚೀಲವನ್ನು ಗಂಡನ ಹೆಗಲಿಗೆ ಹಾಕಿದಳು. ಚೀಲ ಕೊಡುವಾಗ ಕಿವಿಯಲ್ಲಿ ಹೇಳಿದಳು: "ದಣದೀನಿ ಅಂತ ನೀವಾಗೇ ಅಂದೀರಿ, ಮಗಳ ಮಾರಿ ನೆನಪಿರಲಿ."

ಸಿದ್ದಲಿಂಗೇಶ ಇಬ್ಬರನ್ನೂ ಕೆರೆಯ ಏರಿಯ ಬಳಿ ತಂದು ಇಳಿಸಿದ. ಬಲು ವಿನಯದ ಹುಡುಗ. "ಫೋನ್ ಇಲ್ಲೇ ಕೊಡ್ರಿ, ಬಂಡೆಗಲ್ಲಿನ ಮ್ಯಾಲೆ ಬಿದ್ದು ಒಡದು ಹೊಕ್ಕಾವ" ಎಂದು ಇಬ್ಬರ ಫೋನನ್ನೂ ತೆಗೆದುಕೊಂಡ. "ಸುತ್ತು ಹಾಕಿ ನೀವು ಆ ದಂಡಿಗೆ ಇಳೀರಿ, ಅಲ್ಲಿ ರಸ್ತೆಕ್ಕ ಸಂಜಿಗೆ ಬಂದು ಕರಕೊಂಡು ಹೋಗ್ತೀನ್ರಿ" ಎಂದವನೇ ಧೂಳೆಬ್ಬಿಸಿಕೊಂಡು ಹೋಗಿಬಿಟ್ಟ. ಇಬ್ಬರೂ ಆ ಧೂಳು ಅಡಗುವವರೆಗೆ ನೋಡುತ್ತಾ ನಿಂತರು.

ದೀಪಾವಳಿ ಮುಗಿದ ದಿನಗಳು. ಕೆಳಗೆ ಭತ್ತದ ಗದ್ದೆಗಳು ಹಣ್ಣಾಗಿದ್ದವು. ಬೋಗುಣಿಯಲ್ಲಿ ನೀರಿಟ್ಟ ಹಾಗೆ ನಡುವೆ ಕೆರೆ, ಸುತ್ತಲೂ ಬಂಡೆಯ ಮೇಲೆ ಬಂಡೆ ಒಟ್ಟಿದ ಗುಡ್ಡಗಳು. ನೋಡಲು ಚೆಂದ. ನೋಡಿ ಮನೆಗೆ ಹೋಗುವಂತಿದ್ದರೆ ಇನ್ನೂ ಚೆಂದ.

"ನಡೀರಿ ಯಜಮಾನ್ರ" ಎಂದರು ಪ್ರಭುರಾಜರು. ಸಂಬಂಧ ಕೂಡುವ ಮೊದಲು ಬೀಗರೇ ಎನ್ನುವಂತಿಲ್ಲ.

"ಇಲ್ರಿ ಸಾವ್ಕಾರ್ರ, ನೀವು ಮುಂದ ನಡೀರಿ" ಎಂದರು ಗವಿಸಿದ್ದಪ್ಪನವರು.

ಹೀಗೆ ಬಹಳ ಹೊತ್ತು ನಡೀರಿ ನಡೀರಿ ಎಂದದ್ದೇ ಆಯಿತು, ನಡೆದದ್ದಿಲ್ಲ. ಕಡೆಗೆ ಹೆಣ್ಣಿನ ಕಡೆಯವರಾದ ಪ್ರಭುರಾಜರೇ ಮೊದಲ ಬಂಡೆಗೆ ಕಾಲಿಟ್ಟರು.

ಮೊದಲ ಏರಿನಲ್ಲೇ ಅವರ ಜೀವ ಬಾಯಿಗೆ ಬಂತು. ಬೂಟಿನೊಳಗಿನ ಹತ್ತಿ ಮುದ್ದೆಯಾಗಿ ಹೆಬ್ಬೆರಳಿಗೆ ಬಂದು ಕೂತಿತು. ಎದೆಯೊಳಗೆ ಗಿರಣಿ ಓಡುತ್ತಿತ್ತು. ಹಿಂದೆ ಬಡಿಗೆ ಟಕ್ ಟಕ್ ಎನ್ನುತ್ತಿದೆ. ನಿಂತರೆ ಮರ್ಯಾದೆ ಹೋಯಿತು. ಆಗ ಹಿಂದಿನಿಂದ ಗವಿಸಿದ್ದಪ್ಪನವರು ಕೇಳಿದರು: "ಸಾವ್ಕಾರ್ರ, ನಿಮಗ ದಣಿವಾಗಿದ್ರ ಚೂರು ಕುಂದ್ರೋಣೇನ್ರಿ?"

ಪರೀಕ್ಷೆ! ಪ್ರಭುರಾಜರು ಉಸಿರನ್ನು ನುಂಗಿ ನಕ್ಕರು. "ದಣಿವು? ಏ ತಗೀರಿ, ಈಗಿನ್ನೂ ಕಾಲು ಬಿಸಿ ಆಗ್ಯಾವ. ನಿಮಗ ಆಗಿದ್ರ ಹೇಳ್ರಿ ಮತ್ತ."

"ನನಗ? ಛೇ ಛೇ! ನಿಮ್ಮ ಸಲುವಾಗಿ ಅಂದೆ."

ಇಬ್ಬರೂ ಮುಂದೆ ನಡೆದರು. ಹೆಚ್ಚು ದೂರ ಹೋಗಿರಲಿಲ್ಲ, ಪ್ರಭುರಾಜರ ತಲೆಗೆ ಒಂದು ಉಪಾಯ ಹೊಳೆಯಿತು. ಕೂತರೆ ತಾನೇ ದಣಿವು? ನಿಂತು ನೋಡಿದರೆ ರಸಿಕತನ. "ಆಹಾ! ಯಜಮಾನ್ರ, ಕೆರಿ ಎಷ್ಟು ಛಲೋ ಕಾಣ್ತೈತಿ ನೋಡ್ರಿ!" ಎಂದು ನಿಂತುಬಿಟ್ಟರು.

ಗವಿಸಿದ್ದಪ್ಪನವರು ಓಡಿಬಂದಂತೆ ಬಂದು ಪಕ್ಕಕ್ಕೆ ನಿಂತರು. "ಭಾಳ ಛಲೋ ಐತ್ರಿ. ಹಿಂಗ ನೋಡಕೋತ ನಿಂದ್ರಬೇಕು ಅನಿಸ್ತೈತಿ." ಇಬ್ಬರೂ ಕೆರೆ ನೋಡಿದರು. ಕೆರೆಯಲ್ಲಿ ನೋಡುವುದು ಮುಗಿದ ಮೇಲೂ ನೋಡಿದರು. ಮುಂದೆ ಹತ್ತು ಹೆಜ್ಜೆಗೊಮ್ಮೆ ಒಬ್ಬರಲ್ಲ ಒಬ್ಬರಿಗೆ ಏನಾದರೂ ಚೆಲುವಾದದ್ದು ಕಾಣತೊಡಗಿತು. ಗದ್ದೆ ಆಯಿತು, ಬಾಳೆತೋಟ ಆಯಿತು, ದೂರದ ಅಂಜನಾದ್ರಿ ಆಯಿತು, ಒಂದು ಓತಿಕ್ಯಾತ ಆಯಿತು. ಚೆಲುವೆಲ್ಲ ಮುಗಿದು ಇನ್ನೇನೂ ಉಳಿಯದಾಗ ಗವಿಸಿದ್ದಪ್ಪನವರು ಬಡಿಗೆಯಿಂದ ತೋರಿಸಿ ಹೇಳಿದರು: "ಈ ಕಲ್ಲು ನೋಡ್ರಿ ಸಾವ್ಕಾರ್ರ."

ಪ್ರಭುರಾಜರು ನೋಡಿದರು. ಸುತ್ತಲಿನ ಸಾವಿರ ಕಲ್ಲಿನಂತೆ ಅದೂ ಒಂದು ಕಲ್ಲು. "ಭಾರಿ ಕಲ್ಲು ಬಿಡ್ರಿ" ಎಂದರು.

"ಭಾಳ ಹಳೇದು ಇರಬೇಕು."

"ಹೊಸಾದಂತೂ ಅಲ್ರಿ."

ಆ ಕಲ್ಲಿನ ಮುಂದೆ ಇಬ್ಬರೂ ದೇವರ ಮುಂದೆ ನಿಂತವರಂತೆ ಕೈಕಟ್ಟಿ ನಿಂತಿದ್ದಾಗ ಕೋತಿ ಬಂತು. ಬಂದದ್ದು ಗೊತ್ತಾಗಲಿಲ್ಲ, ಹೋದದ್ದು ಗೊತ್ತಾಯಿತು. ಹೋಗುವಾಗ ರೊಟ್ಟಿಯ ಚೀಲವೂ ಹೋಯಿತು. ಪ್ರಭುರಾಜರು "ಹೋಯ್! ಹೋಯ್!" ಎಂದು ಕೂಗಿದರು. ಕೋತಿ ಎತ್ತರದ ಬಂಡೆಯ ಮೇಲೆ ಕೂತು, ರೊಟ್ಟಿಯನ್ನು ತಿರುಗಿಸಿ ನೋಡಿ, ಎಣ್ಣೆಗಾಯಿಯಿಂದ ಶುರು ಮಾಡಿತು. ಶಿವಲೀಲಾಳ ಎಣ್ಣೆಗಾಯಿಯನ್ನು ಇಷ್ಟು ಸಮಾಧಾನದಿಂದ ತಿಂದವರನ್ನು ಅವರು ಇದುವರೆಗೆ ನೋಡಿರಲಿಲ್ಲ.

"ಹೋಗ್ಲಿ ಬಿಡ್ರಿ, ನಡಿಯೋ ದಿನ ನಾ ಉಣ್ಣೋದ ಕಮ್ಮಿ" ಎಂದರು ಗವಿಸಿದ್ದಪ್ಪನವರು, ಕೋತಿಯ ಕಡೆಯಿಂದ ಕಣ್ಣು ಕೀಳದೆ.

"ನಂದೂ ಹಂಗ ರಿ. ಹೊಟ್ಟಿ ಹಗರ ಇದ್ರ ಕಾಲು ಓಡ್ತಾವ" ಎಂದರು ಪ್ರಭುರಾಜರು. ಅವರ ಹೊಟ್ಟೆ ಅಷ್ಟರಲ್ಲಿ ಗುಡುಗಿತು. ಇಬ್ಬರೂ ಮೋಡ ಇದೆಯೇನೋ ಎಂಬಂತೆ ಆಕಾಶ ನೋಡಿದರು.

ನೆತ್ತಿಯ ಮೇಲೆ ಹೊತ್ತು ಬಂದಾಗ ಮೊದಲ ಗುಡ್ಡ ಇಳಿದು ನೀರಿನ ದಂಡೆಗೆ ಬಂದರು. ಅಲ್ಲಿ ಹುಲಿಗವ್ವ ಎಂಬ ಮುದುಕಿ ಪ್ರವಾಸಿಗರಿಗೆ ಸೌತೆಕಾಯಿ, ಮಜ್ಜಿಗೆ ಮಾರುತ್ತಾ ಕೂತಿದ್ದಳು. ಇಬ್ಬರೂ ಆಕೆಯ ಮಜ್ಜಿಗೆ ಗಡಿಗೆಯ ತಳ ಕಾಣಿಸಿದರು. ನಿಂತುಕೊಂಡೇ. "ಕುಂತು ಕುಡೀರೋ ಯಪ್ಪಾ, ಕಲ್ಲು ಖಾಲಿ ಐತಿ" ಎಂದಳು ಹುಲಿಗವ್ವ. ಪ್ರಭುರಾಜರು ಗವಿಸಿದ್ದಪ್ಪನವರನ್ನು ನೋಡಿದರು, ಗವಿಸಿದ್ದಪ್ಪನವರು ಪ್ರಭುರಾಜರನ್ನು ನೋಡಿದರು. ಕಲ್ಲು ಖಾಲಿಯೇ ಉಳಿಯಿತು.

ಅಲ್ಲೇ ನೀರಿನಲ್ಲಿ ಹರಗೋಲು ತೇಲಿಸಿಕೊಂಡು ಓಬಳೆಪ್ಪ ಇದ್ದ. ಕೆರೆಯಲ್ಲಿ ಮಂದಿಯನ್ನು ಸುತ್ತಾಡಿಸುವ ಆಳು. "ಎಲ್ಲಿಗೆ ಹೊಂಟೀರ್ರಿ?" ಎಂದ.

"ಆ ದಂಡಿಗೆ. ಗುಡ್ಡದ ಮ್ಯಾಲೆ ಹಾದು."

ಓಬಳೆಪ್ಪ ಇಬ್ಬರನ್ನೂ ಕಾಲಿನಿಂದ ತಲೆಯವರೆಗೆ ನೋಡಿದ. "ಆ ದಂಡಿ ಅಲ್ಲೇ ಕಾಣಾಕತ್ತೈತಲ್ರಿ! ಕುಂದ್ರಿ, ಹರಗೋಲದಾಗ ಚಾ ಕುಡಿಯೋದ್ರಾಗ ಬಿಡ್ತೀನಿ. ಹಿಂಗ ಸುತ್ತಿ ಹ್ವಾದ್ರ ಸಂಜಿ ಆಕ್ಕೈತಿ. ಯಾರು ಹೇಳ್ಯಾರ ನಿಮಗ?"

ಪ್ರಭುರಾಜರಿಗೆ ಓಬಳೆಪ್ಪನ ಕಾಲಿಗೆ ಬೀಳಬೇಕೆನಿಸಿತು. ಎಂಥ ಹರಗೋಲು! ತಳಕ್ಕೆ ಒಣ ಹುಲ್ಲು ಬೇರೆ ಹಾಸಿದ್ದಾನೆ. ಯಜಮಾನರು ಹ್ಞೂಂ ಎಂದರೆ ಸಾಕು, ಒಂದೇ ನೆಗೆತ. "ಯಜಮಾನ್ರು ಕುಂದ್ರೋದಾದ್ರ..." ಎಂದು ರಾಗ ಎಳೆದರು.

"ಸಾವ್ಕಾರ್ರಿಗೆ ಮನಸಿದ್ರ..." ಎಂದು ಅವರೂ ಎಳೆದರು.

"ನನಗೇನ್ರಿ, ನಾ ನಡಿಯಾಕ ಬಂದಾಂವ."

"ನಾನೂ ಅದಕ್ಕ ಬಂದೀನ್ರಿ."

ಓಬಳೆಪ್ಪ ಹುಟ್ಟು ಹಾಕಿಕೊಂಡು ಹೊರಟುಹೋದ. ಬಹಳ ದೂರ ಹೋಗುವವರೆಗೂ ಹಿಂದಿರುಗಿ ನೋಡುತ್ತಿದ್ದ. ಇವರಿಬ್ಬರೂ ಹುಡುಗಿಯನ್ನು ಗಂಡನ ಮನೆಗೆ ಕಳಿಸಿದವರಂತೆ ದಂಡೆಯಲ್ಲಿ ನಿಂತಿದ್ದರು.

ಎರಡನೆಯ ಗುಡ್ಡ ಮೊದಲನೆಯದಕ್ಕಿಂತ ಕೆಟ್ಟದ್ದು. ಮೆಟ್ಟಿಲೆಂಬುದಿಲ್ಲ, ಬಂಡೆಯ ಸಂದಿಯಲ್ಲಿ ನುಸುಳಬೇಕು. ಗವಿಸಿದ್ದಪ್ಪನವರು ಒಣಗಿದ ಮೈಯವರು, ನುಸುಳಿ ಆ ಕಡೆ ಹೋದರು. ಪ್ರಭುರಾಜರು ಅರ್ಧ ನುಸುಳಿದರು. ಇನ್ನರ್ಧ ಬರಲೊಲ್ಲದು. ಅವರ ಹೊಟ್ಟೆಗೂ ಬಂಡೆಗೂ ಗುದ್ದಾಟ ನಡೆಯಿತು. ಬಂಡೆ ಗೆದ್ದಿತು.

"ಸಾವ್ಕಾರ್ರ, ಏನು ನೋಡಾಕತ್ತೀರಿ ಅಲ್ಲಿ?"

"ಏನಿಲ್ರಿ. ಬಂಡಿ ತಂಪ ಐತಿ ಅಂತ ಚೂರು ನಿಂತೀನಿ."

ಬಹಳ ಹೊತ್ತು ನಿಂತರು. ಕಡೆಗೆ ಗವಿಸಿದ್ದಪ್ಪನವರಿಗೇ ತಿಳಿಯಿತು. ಬಡಿಗೆಯ ಒಂದು ತುದಿಯನ್ನು ಇವರ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, "ಹರಹರ ಮಹಾದೇವ" ಎಂದು ಎಳೆದರು. ಅಂಗಿಯ ಗುಂಡಿಗಳು ಪಟಪಟ ಹಾರಿದವು. ಒಂದು ಗಿಳಿಹಸಿರು ಬೂಟು ಸಂದಿಯಲ್ಲೇ ಉಳಿಯಿತು. ಪ್ರಭುರಾಜರು ಬಿರಡೆ ಕಿತ್ತಂತೆ ಹೊರಬಂದು ಗವಿಸಿದ್ದಪ್ಪನವರ ಮೇಲೆ ಬಿದ್ದರು, ಗವಿಸಿದ್ದಪ್ಪನವರು ಹುಲ್ಲಿನ ಮೇಲೆ ಬಿದ್ದರು. ಆಮೇಲೆ ಇಬ್ಬರೂ ಬಿದ್ದಲ್ಲೇ ಕೂತರು. ಏಳಲಿಲ್ಲ.

"ಏಳ್ರಿ ಯಜಮಾನ್ರ" ಎಂದರು ಪ್ರಭುರಾಜರು, ತಾವು ಏಳದೆ.

ಗವಿಸಿದ್ದಪ್ಪನವರು ತಲೆಯ ಟಾವೆಲ್ಲು ತೆಗೆದು ಮುಖ ಒರೆಸಿಕೊಂಡರು. ಕಣ್ಣಲ್ಲಿ ನೀರಾಡುತ್ತಿತ್ತು. "ಸಾವ್ಕಾರ್ರ, ನಿಮ್ಮ ಮಗಳು ಬಂಗಾರದಂಥ ಹುಡುಗಿ. ನಮ್ಮ ಹುಡುಗ ಆಕೀನ ಬೇಕು ಅಂತಾನ. ಆದ್ರ ನಾ ಒಂದು ಖರೇ ಮಾತು ಹೇಳಬೇಕು. ಸಿಟ್ಟು ಮಾಡಬ್ಯಾಡ್ರಿ, ಸಂಬಂಧ ಬಿಡಬ್ಯಾಡ್ರಿ."

"ಹೇಳ್ರಿ" ಎಂದರು ಪ್ರಭುರಾಜರು, ಹೆದರಿ.

"ನನಗ ನಡಿಯಾಕ ಬರೂದಿಲ್ರಿ. ತೋಟಕ್ಕೂ ನಾ ಗಾಡಿ ಮ್ಯಾಲೆ ಹೋಗಾಂವ. ನಿಮಗ ನಡಿಗಿ ಅಂದ್ರ ಪ್ರಾಣ, ನಡೀಲಾರದವರ ಮನಿಗೆ ಹೆಣ್ಣು ಕೊಡೂದಿಲ್ಲ ಅಂತೀರಂತ ನಮ್ಮಾಕಿ ಹೇಳಿದ್ಲು. ಅದಕ್ಕ ಫೋನ್ ಮಾಡಿದೆ. ನೀವು ಬ್ಯಾಡ ಅನ್ಲಿ ಅಂತ ದೇವರಿಗೆ ಕಾಯಿ ಬ್ಯಾರೆ ಬೇಡಿಕೊಂಡಿದ್ದೆ."

ಪ್ರಭುರಾಜರು ಬಾಯಿ ತೆರೆದರು. ಬಂದದ್ದು ನಗು. ಹೊಟ್ಟೆಯಿಂದೆದ್ದ ನಗು ಬಂಡೆಯಿಂದ ಬಂಡೆಗೆ ಬಡಿದು ತಿರುಗಿ ಬಂತು. "ಯಜಮಾನ್ರ! ನಾ ಓಣಿ ತುದಿಗೆ ಹಾಲು ತರಾಕೂ ಸ್ಕೂಟಿ ಹತ್ತಾಂವ್ರಿ! ನಿಮಗ ಹುಚ್ಚು ಅಂತ ನಮ್ಮಾಕಿ ನನಗ ಹೇಳ್ಯಾಳ!"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಕೋತಿಯನ್ನು ನೆನೆದು ನಕ್ಕರು, ಆ ಹಳೇ ಕಲ್ಲನ್ನು ನೆನೆದು ನಕ್ಕರು, ಹರಗೋಲನ್ನು ನೆನೆದಾಗ ಮಾತ್ರ ಸ್ವಲ್ಪ ಹೊತ್ತು ಅಳು ಬಂದಂತಾಯಿತು. ಹೆಣ್ಣುಮಕ್ಕಳು ಫೋನಿನಲ್ಲಿ ಒಬ್ಬರ ಮಾತು ಒಬ್ಬರು ತಪ್ಪು ತಿಳಿದುಕೊಂಡಿದ್ದಾರೆ ಎಂದು ಇಬ್ಬರೂ ತೀರ್ಮಾನಿಸಿದರು. "ಬೀಗರ" ಎಂದರು ಗವಿಸಿದ್ದಪ್ಪನವರು ಮೊದಲ ಬಾರಿಗೆ. ಪ್ರಭುರಾಜರ ಎದೆ ತುಂಬಿ ಬಂತು. ಇಂಥ ಮನುಷ್ಯನ ಮನೆಗೆ ಮಗಳು ಹೋಗುತ್ತಾಳಲ್ಲ ಎಂದು ನಿಜವಾಗಿ ಸಂತೋಷವಾಯಿತು.

ಕಾಡುಬೇವಿನ ನೆರಳಲ್ಲಿ ಟಾವೆಲ್ಲು ಹಾಸಿ ಇಬ್ಬರೂ ಅಡ್ಡಾದರು. ಗಾಳಿ ತಂಪಾಗಿ ಬೀಸುತ್ತಿತ್ತು. ಮಲಗಿದಲ್ಲೇ ಮದುವೆಯ ಮಾತನ್ನೂ ಮುಗಿಸಿದರು. ಮದುವೆ ಕುಷ್ಟಗಿಯಲ್ಲಿ, ಯುಗಾದಿ ಮುಗಿದ ಮೇಲೆ, ಊಟಕ್ಕೆ ಹುಗ್ಗಿಯೂ ಇರಲಿ ಲಾಡೂ ಇರಲಿ. ಒಂದು ಮಾತಿಗೂ ಅಡ್ಡ ಮಾತು ಬರಲಿಲ್ಲ. ಎದ್ದು ಕೂತು ವಾದ ಮಾಡುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. "ಗಂಡಸರು ಮನಸು ಮಾಡಿದ್ರ ಇಷ್ಟರೀ ಕೆಲಸ" ಎಂದರು ಪ್ರಭುರಾಜರು. ಆಮೇಲೆ ಒಬ್ಬರ ಹೆಗಲಿಗೆ ಒಬ್ಬರು ಕೈಕೊಟ್ಟು, ಬೂಟಿಲ್ಲದ ಕಾಲಿಗೆ ಟಾವೆಲ್ಲು ಸುತ್ತಿಕೊಂಡು, ಉಳಿದ ಗುಡ್ಡವನ್ನು ಏರಿ, ಇಳಿದು, ಹೊತ್ತು ಮುಳುಗುವಾಗ ರಸ್ತೆಗೆ ಬಿದ್ದರು. ಸಿದ್ದಲಿಂಗೇಶ ಕಾರಿನ ಬಾಗಿಲು ತೆರೆದುಕೊಂಡು ಕಾಯುತ್ತಿದ್ದ. ಅವನ ಹಣೆಯಲ್ಲಿ ಕುಂಕುಮ ಇತ್ತು. ದಣಿದವರಿಗೆ ಅದು ಕಾಣಲಿಲ್ಲ.

ಮನೆ ಮುಂದೆ ಓಣಿಯವರೆಲ್ಲ ಸೇರಿದ್ದರು. ಎದುರುಮನೆಯ ಪಾರ್ವತೆಮ್ಮ ಪ್ರಭುರಾಜರ ಬಾಯಿಗೆ ಒಂದು ಚಮಚೆ ಸಕ್ಕರೆ ಹಾಕಿದಳು. "ಛಲೋ ಆತ್ರಿ, ಹುಡುಗಿ ಉಡಿ ತುಂಬಿದ್ವಿ. ಜೋಡಿ ಭಾಳ ಛಂದ ಐತಿ."

ಪ್ರಭುರಾಜರು ಕುಂಟುತ್ತಾ ಅಡುಗೆಮನೆಗೆ ಓಡಿದರು. "ಏ ಶಿವಲೀಲಾ, ಏನಿದು? ಮಾತುಕತಿ ಆಗದ ಉಡಿ ಹೆಂಗ ತುಂಬಿದ್ರಿ?"

"ಆಗೇತಲ್ಲ. ಮಠದ ಅಯ್ಯನವರು ಬಂದು ತಿಥಿ ತಗದು ಕೊಟ್ರು. ಲಗ್ನ ಇಲ್ಲೇ ಗಂಗಾವತ್ಯಾಗ, ಮಾಘಮಾಸಕ್ಕ. ಕಲ್ಯಾಣಮಂಟಪದವರಿಗೂ ಹೇಳೀವಿ."

"ನಾವು ಕುಷ್ಟಗಿ ಅಂತ ಮಾಡೇವಿ, ಗುಡ್ಡದ ಮ್ಯಾಲೆ!"

"ಹೌದಾ? ಪಾಪ" ಎಂದಳು ಶಿವಲೀಲಾ, ಒಲೆಯ ಉರಿ ಸಣ್ಣ ಮಾಡುತ್ತಾ.

"ಅದಿರ್ಲಿ, ನಿನಗೊಂದು ತಮಾಷಿ ಹೇಳ್ತೀನಿ ಕೇಳು. ಅವರಿಗೆ ನಡಿಯೋ ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ!"

"ಗೊತ್ತೈತಿ."

"ಗೊತ್ತೈತಿ?"

"ವಿರೂಪಾಕ್ಷಮ್ಮಾರು ಮೊದಲನೇ ದಿನಾನ ಹೇಳ್ಯಾರ. ಅವರ ಯಜಮಾನ್ರೂ ನಿಮ್ಮಂಥವರ. ಬಾಯಿ ಹಾಕಿ ಮಗಂದು ಮೂರು ಸಂಬಂಧ ಮುರದಾರ, ನಿಮಗಿಂತ ಒಂದು ಜಾಸ್ತಿ. ನೀವಿಬ್ಬರು ಎದುರಾಬದುರಾ ಕುಂತ್ರ ಈ ಲಗ್ನ ಆಗ್ತಿತ್ತೇನು? ಅದಕ್ಕ ನಾವಿಬ್ಬರು ಬೀಗತೇರು ಕೂಡಿ ನಿಮ್ಮನ್ನ ಗುಡ್ಡಕ್ಕ ಅಟ್ಟಿದ್ವಿ. ಫೋನ್ ಕಸಗೊಳ್ಳೋದು ವಾಣಿ ಉಪಾಯ."

ಪ್ರಭುರಾಜರಿಗೆ ಸಿಟ್ಟು ಬರಬೇಕಿತ್ತು. ಬರುತ್ತಲೂ ಇತ್ತು. ಆದರೆ ಬಾಗಿಲಲ್ಲಿ ವಾಣಿಶ್ರೀ ಮುಡಿ ತುಂಬ ಮಲ್ಲಿಗೆ ಮುಡಿದು, ಅತ್ತೆಯ ಪಕ್ಕ ನಿಂತು ನಗುತ್ತಿದ್ದಳು. ಎರಡು ವರ್ಷದಿಂದ ಅವಳು ಹಾಗೆ ನಕ್ಕದ್ದನ್ನು ಅವರು ನೋಡಿರಲಿಲ್ಲ. ಸಿಟ್ಟು ಅಲ್ಲೇ ಇಳಿದುಹೋಯಿತು.

ಪಡಸಾಲೆಯಲ್ಲಿ ಗವಿಸಿದ್ದಪ್ಪನವರಿಗೂ ಹೆಂಡತಿಯಿಂದ ಸತ್ಯ ತಿಳಿದಿತ್ತು. ಇಬ್ಬರಿಗೂ ಎದುರುಬದುರು ಕುರ್ಚಿ ಹಾಕಿ, ಕಾಲಿಡಲು ಬಿಸಿ ಉಪ್ಪುನೀರಿನ ಬೋಗುಣಿ ಇಟ್ಟಿದ್ದರು. ಸುತ್ತ ಓಣಿಯವರು ಅವಲಕ್ಕಿ ತಿನ್ನುತ್ತಿದ್ದರು.

"ನೋಡಿದ್ರೇನ್ರಿ ಬೀಗರ, ನಾವು ಜಗಳಗಂಟರಂತ!" ಎಂದರು ಗವಿಸಿದ್ದಪ್ಪನವರು.

"ಇಡೀ ದಿನ ಕೂಡೇ ಇದ್ವಿ. ಒಂದಾರ ಮಾತು ಹೆಚ್ಚುಕಮ್ಮಿ ಆತೇನ್ರಿ?"

"ಇಲ್ಲೇ ಇಲ್ಲ. ನೀವು ದಣದು ಕುಂತಾಗೂ ನಾ ಚಕಾರ ಎತ್ತಿಲ್ಲ."

ಪ್ರಭುರಾಜರು ನೀರಿನಿಂದ ಒಂದು ಕಾಲು ಹೊರತೆಗೆದರು. "ನಾ ದಣದು ಕುಂತೆ? ಮೊದಲು ಕುಂತವರು ನೀವ್ರಿ."

"ನಾ ಕುಂತಿಲ್ಲ, ನೀವು ಮ್ಯಾಲೆ ಬಿದ್ದು ಕೆಡವಿದ್ರಿ!"

"ಜಗ್ಗಿದವರು ಯಾರ್ರಿ? ನಾ ತಂಪ ನಿಂತಿದ್ದೆ!"

"ತಂಪ ನಿಂತಿದ್ದರಂತ! ಸಿಗಿಬಿದ್ದಿದ್ರಿ! ಗಂಗಾವತಿ ಮಂದಿ ಅನ್ನ ಉಂಡು ಉಂಡು ಹಿಂಗ ಆಗ್ಯಾರ!"

"ಕುಷ್ಟಗಿ ಮಂದಿಗೆ ಏನು ಐತ್ರಿ, ಬಡಿಗಿ ಬಿಟ್ರ?"

ಅವಲಕ್ಕಿ ತಿನ್ನುವವರ ಕೈ ಬಾಯಿಗೆ ಹೋಗದೆ ನಿಂತಿತು. ಪಾರ್ವತೆಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ಮುಚ್ಚಿದಳು. ಗವಿಸಿದ್ದಪ್ಪನವರು ಚಪ್ಪಲಿ ಹುಡುಕತೊಡಗಿದರು. ವಾಣಿಶ್ರೀಯ ಮುಖದ ನಗು ಆರಿತು. ಅವಳು ಒಂದು ಕ್ಷಣ ನಿಂತಿದ್ದು, ಸರಸರ ಬಂದು, ತಂದೆಯ ಮುಂದೆ ಅವರ ಹಳೆಯ ಚಪ್ಪಲಿ ಇಟ್ಟಳು. "ಅಪ್ಪಾ, ಮಾವಾರನ್ನ ಕರಕೊಂಡು ಕೆನಾಲ ತನಕ ಅಡ್ಡಾಡಿ ಬರ್ರಿ."

"ಈಗ?"

"ಈಗ" ಎಂದರು ಶಿವಲೀಲಾ, ವಿರೂಪಾಕ್ಷಮ್ಮ, ಇಬ್ಬರೂ ಒಂದೇ ಬಾಯಲ್ಲಿ. ಸಿದ್ದಲಿಂಗೇಶ ವಿನಯದಿಂದ ಇಬ್ಬರ ಕುರ್ಚಿಯನ್ನೂ ಒಳಗೆ ಇಟ್ಟ.

ಮಗಳ ಕಣ್ಣು ನೋಡಿ ಪ್ರಭುರಾಜರು ಹೊರಟರು. ಬಡಿಗೆ ಊರಿಕೊಂಡು ಗವಿಸಿದ್ದಪ್ಪನವರೂ ಹೊರಬಂದರು. ಇಬ್ಬರೂ ಕುಂಟುತ್ತಾ ಓಣಿ ದಾಟಿದರು. ದಾಟುವಷ್ಟರಲ್ಲಿ ಸಿಟ್ಟು ಸಣ್ಣಗಾಗಿ, ಮುಖ್ಯರಸ್ತೆಗೆ ಬರುವಷ್ಟರಲ್ಲಿ ಮಾತು ಮೆತ್ತಗಾಗಿ, ಕಾಲುವೆ ಮುಟ್ಟುವಷ್ಟರಲ್ಲಿ ಮತ್ತೆ ಬೀಗರ, ಬೀಗರ ಎನ್ನುತ್ತಿದ್ದರು. ಕಾಲುವೆಯ ಮೇಲಿನ ಸೇತುವೆಗೆ ನುಣ್ಣಗಿನ ಅಗಲ ಕಟ್ಟೆ. ತಂಪು ಗಾಳಿ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಇಬ್ಬರೂ ನಿಂತರು. ಕಟ್ಟೆ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು.

"ಕುಂದ್ರಿ ಬೀಗರ" ಎಂದರು ಪ್ರಭುರಾಜರು.

"ಇಲ್ರಿ, ಮೊದಲು ನೀವು ಕುಂದ್ರಿ" ಎಂದರು ಗವಿಸಿದ್ದಪ್ಪನವರು.

ಕಾಲುವೆಯ ದಡ ಹಿಡಿದು ಇಬ್ಬರೂ ಮುಂದಿನ ಊರಿನ ಕಡೆ ನಡೆದರು.